ನಮ್ಮ ನಲ್ಲಿ ನೀರಿನ ಜಾಡು ಹಿಡಿದು ಆರು ದಿನ

ಈ ಪ್ರವಾಸ ಶುರುವಾಗಿದ್ದು ಮಾವನವರ ಒಂದು ಪ್ರಶ್ನೆಯಿಂದ. 2023ರ ಬೇಸಿಗೆಯಲ್ಲಿ ಅವರು ಕೆನಡಾದ ಕ್ಯಾಲ್ಗರಿಗೆ, ನಮ್ಮ ಮನೆಗೆ ಬಂದಿದ್ದರು. ದಿನಾ ಬೆಳಿಗ್ಗೆ ಬೋ ನದಿಯ ದಡದಲ್ಲಿ ವಾಕಿಂಗ್. ಒಂದು ದಿನ ವಾಪಸ್ ಬಂದವರೇ ಕೇಳಿದರು, "ನಾನು ಬಂದಾಗಿನಿಂದ ನೆಟ್ಟಗೆ ಒಂದು ಮಳೆ ಬಿದ್ದಿಲ್ಲ. ಆದರೂ ಹೊಳೆ ಬತ್ತಿಲ್ಲ. ಎಲ್ಲಿಂದ ಬರುತ್ತಮ್ಮ ಈ ನೀರು?" ಬೆಟ್ಟದ ಮೇಲಿನ ಹಿಮ ಕರಗಿ ಬರುತ್ತೆ ಮಾವ, ಅಂದೆ. ಅಷ್ಟಕ್ಕೆ ಅವರಿಗೆ ಸಮಾಧಾನ ಆಗಲಿಲ್ಲ. ಜೀವಮಾನವೆಲ್ಲ ಗದ್ದೆಗೆ ನೀರು ಹಾಯಿಸಿದವರು ಅವರು. ನೀರಿನ ವಿಷಯದಲ್ಲಿ ಬಾಯಿಮಾತು ನಂಬುವವರಲ್ಲ.

"ಹೋಗಿ ನೋಡೋಣ ತಾತ" ಅಂದಳು ಪುಟ್ಟಿ. ಅವಳಿಗೆ ಆಗ 9 ವರ್ಷ.

ಕ್ಯಾಲ್ಗರಿಯ ನಲ್ಲಿಗಳಿಗೆ ಬರುವುದು ಬೋ ಮತ್ತು ಎಲ್ಬೋ ಅನ್ನುವ ಎರಡು ನದಿಗಳ ನೀರು. ಬೋ ಹುಟ್ಟುವುದು ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಒಳಗೆ, ಬೋ ಗ್ಲೇಸಿಯರ್ ಬುಡದಲ್ಲಿ. ಗ್ಲೇಸಿಯರ್ ಅಂದರೆ ಬೆಟ್ಟದ ಮೇಲಿಂದ ನಿಧಾನಕ್ಕೆ ಜಾರಿ ಬರುವ ಗಟ್ಟಿ ಹಿಮದ ರಾಶಿ. ನಮ್ಮ ಮನೆಯಿಂದ ಹೆಚ್ಚು ಕಡಿಮೆ 220 ಕಿಲೋಮೀಟರ್. ಆಗಸ್ಟ್ ಎರಡನೇ ವಾರ ರಜೆ ಹಾಕಿ, ಎರಡು ಟೆಂಟು, ಐದು ಸ್ಲೀಪಿಂಗ್ ಬ್ಯಾಗು, ಒಂದು ಗ್ಯಾಸ್ ಸ್ಟವ್ ಕಾರಿಗೆ ತುಂಬಿಕೊಂಡು ಹೊರಟೆವು. ನಾನು, ನಮ್ಮವರು, ಮಾವ, 13 ವರ್ಷದ ಮಗ, ಪುಟ್ಟಿ. ಮಾವ ಕೊನೇ ಗಳಿಗೆಯಲ್ಲಿ ಚಿಕ್ಕ ಪ್ರೆಶರ್ ಕುಕ್ಕರ್ ತಂದು ಡಿಕ್ಕಿಯಲ್ಲಿಟ್ಟರು. ಜಾಗ ಇಲ್ಲ ಅಂತ ನಾನು ತೆಗೆದೆ. ಅವರು ಮತ್ತೆ ಇಟ್ಟರು. ಸದ್ಯ, ಇಟ್ಟಿದ್ದೇ ಒಳ್ಳೆಯದಾಯಿತು.

ಮೊದಲ ದಿನ

ಕ್ಯಾಲ್ಗರಿಯಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಮೊದಲು ಸಪಾಟು ಬಯಲಲ್ಲಿ ಹೋಗುತ್ತದೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಎರಡೂ ಕಡೆ ಬೆಟ್ಟ ಎದ್ದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಬೋ ನದಿ ನಮ್ಮ ಪಕ್ಕದಲ್ಲೇ ಇರುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಾವು ಹೋಗುತ್ತಿರುವುದು ಅದು ಬರುತ್ತಿರುವ ಕಡೆಗೆ ಅಂತ ಗೊತ್ತಾದ ಮೇಲೆ ಪುಟ್ಟಿ ಕಿಟಕಿ ಬಿಟ್ಟು ಕದಲಲಿಲ್ಲ.

ಬ್ಯಾನ್ಫ್ ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ, 1885ರಲ್ಲಿ ಶುರುವಾಗಿದ್ದು. ಇಲ್ಲಿ ಹೆದ್ದಾರಿಗೆ ಉದ್ದಕ್ಕೂ ಬೇಲಿ ಇದೆ. ಪ್ರಾಣಿಗಳು ದಾಟುವುದಕ್ಕೆ ಅಂತಲೇ 6 ಮೇಲ್ಸೇತುವೆ, 38 ಕೆಳದಾರಿ ಕಟ್ಟಿದ್ದಾರೆ. ಮೇಲ್ಸೇತುವೆ ಅಂದರೆ ಬರೀ ಕಾಂಕ್ರೀಟ್ ಅಲ್ಲ. ಮೇಲೆ ಮಣ್ಣು ಹಾಕಿ ಹುಲ್ಲು, ಗಿಡಮರ ಬೆಳೆಸಿದ್ದಾರೆ, ಕೆಳಗಿನಿಂದ ನೋಡಿದರೆ ರಸ್ತೆಯ ಮೇಲೆ ಒಂದು ತುಂಡು ಕಾಡು ಕೂತಿದೆ ಅನ್ನಿಸುತ್ತದೆ. ಇವು ಬಂದ ಮೇಲೆ ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳು ಶೇಕಡ 80ಕ್ಕೂ ಜಾಸ್ತಿ ಕಡಿಮೆಯಾಗಿವೆ. ಮಾವ ಇದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. "ಕರಡಿಗೆ ಅಂತ ಸೇತುವೆಯಾ?" ಅಂತ ಅವರು ಕೇಳಿದ ಧ್ವನಿ ನನಗೆ ಇನ್ನೂ ನೆನಪಿದೆ.

ಟೆಂಟ್ ಹಾಕಿದ್ದು ಲೇಕ್ ಲೂಯಿಸ್ ಕ್ಯಾಂಪ್‌ಗ್ರೌಂಡಿನಲ್ಲಿ. ಟೆಂಟಿನವರ ಜಾಗಕ್ಕೆ ಸುತ್ತಲೂ ಕರೆಂಟಿನ ಬೇಲಿ, ಕರಡಿ ಒಳಗೆ ಬರದ ಹಾಗೆ. ಊಟದ ಸಾಮಾನು, ಎಂಜಲು ಪಾತ್ರೆ, ಟೂತ್‌ಪೇಸ್ಟ್, ಸೋಪು, ವಾಸನೆ ಬರುವ ಯಾವುದೂ ಟೆಂಟಿನಲ್ಲಾಗಲಿ ಮೇಜಿನ ಮೇಲಾಗಲಿ ಇರಬಾರದು, ಕಾರಿನೊಳಗೆ ಇಲ್ಲವೇ ಕಬ್ಬಿಣದ ಪೆಟ್ಟಿಗೆಯಲ್ಲಿ ಇರಬೇಕು. ತಪ್ಪಿದರೆ 25,000 ಡಾಲರ್‌ವರೆಗೆ ದಂಡ ಹಾಕಬಹುದು. ದಂಡಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಜನರ ಹತ್ತಿರವೇ ಬರುತ್ತದೆ, ಕೊನೆಗೆ ಎಷ್ಟೋ ಸಲ ಅದನ್ನು ಕೊಲ್ಲಬೇಕಾಗುತ್ತದೆ. ಇದನ್ನು ಮಕ್ಕಳಿಗೆ ಒಂದೇ ಸಲ ಹೇಳಿದ್ದು. ಆಮೇಲೆ ಪುಟ್ಟಿ ಎಲ್ಲರ ಜೇಬು ಹುಡುಕಿ ಚಾಕೊಲೇಟ್ ಕಾಗದ ಕೂಡ ತೆಗೆಸಿದಳು.

ಎರಡನೇ ದಿನ

ಲೇಕ್ ಲೂಯಿಸ್ ದಡಕ್ಕೆ ಕಾರು ತೆಗೆದುಕೊಂಡು ಹೋಗುವ ಆಸೆ ಬೇಸಿಗೆಯಲ್ಲಿ ಬಿಟ್ಟುಬಿಡಿ. ಪಾರ್ಕಿಂಗ್ ಬೆಳಗಾಗುವ ಹೊತ್ತಿಗೇ ತುಂಬಿರುತ್ತದೆ. ಪಕ್ಕದ ಮೊರೇನ್ ಸರೋವರದ ರಸ್ತೆಯಲ್ಲಂತೂ ಆ ವರ್ಷದಿಂದ ಸ್ವಂತ ಕಾರುಗಳನ್ನು ಬಿಡುವುದನ್ನೇ ನಿಲ್ಲಿಸಿದ್ದರು. ನಾವು ಎರಡು ದಿನ ಮೊದಲೇ ಬೆಳಿಗ್ಗೆ 8ಕ್ಕೆ ಕಂಪ್ಯೂಟರ್ ಮುಂದೆ ಕೂತು ಶಟಲ್ ಬಸ್ಸಿಗೆ ಸೀಟು ಹಿಡಿದಿದ್ದೆವು.

ಬಸ್ಸಿಳಿದು ಸರೋವರ ನೋಡಿದಾಗ ಯಾರೂ ಮಾತಾಡಲಿಲ್ಲ. ಫೋಟೋಗಳಲ್ಲಿ ಆ ಬಣ್ಣ ನೋಡಿ ಇದು ನಿಜ ಇರಲಾರದು ಅಂದುಕೊಂಡಿದ್ದೆ. ನಿಜವಾಗಿಯೂ ಹಾಗೇ ಇದೆ, ಹಾಲಿಗೆ ನೀಲಿ ಹಸಿರು ಬೆರೆಸಿದ ಹಾಗೆ. ಮೇಲಿನ ಗ್ಲೇಸಿಯರ್ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ. ಆ ಕಲ್ಲಿನ ಹಿಟ್ಟು ಎಷ್ಟು ನಯ ಅಂದರೆ ನೀರಿನ ತಳಕ್ಕೆ ಕೂರದೆ ತೇಲುತ್ತಿರುತ್ತದೆ, ಬಿಸಿಲು ಬಿದ್ದಾಗ ನೀಲಿ ಹಸಿರು ಬೆಳಕನ್ನು ಚೆದುರಿಸುತ್ತದೆ. ಬಣ್ಣ ಅದರದ್ದು. ಮಾವ ದಡದಲ್ಲಿ ಕೂತು ಬೊಗಸೆಯಲ್ಲಿ ನೀರು ತೆಗೆದರು. ಬೊಗಸೆಯಲ್ಲಿ ಯಾವ ಬಣ್ಣವೂ ಇರಲಿಲ್ಲ.

ಅಲ್ಲಿಂದ ಆಗ್ನೆಸ್ ಸರೋವರಕ್ಕೆ ಹತ್ತಿದೆವು. ಮೂರೂವರೆ ಕಿಲೋಮೀಟರ್ ದಾರಿ, ಏರು ಸುಮಾರು 400 ಮೀಟರ್. ಮಾವನಿಗೆ 67 ವರ್ಷ, ಬಲ ಮಂಡಿ ಸ್ವಲ್ಪ ನೋವು. ಅವರು ನೂರು ಹೆಜ್ಜೆ ಎಣಿಸಿ ನಿಲ್ಲುತ್ತಿದ್ದರು, ಮತ್ತೆ ನೂರು. ಮಗನಿಗೆ ಅದು ತಡೆಯಲಾಗದ ನಿಧಾನ. ಓಡಿಹೋಗಿ ಮುಂದಿನ ತಿರುವಿನಲ್ಲಿ ಕಾಯುವುದು, ನಾವು ಕಂಡ ತಕ್ಷಣ ಮತ್ತೆ ಹೊರಡುವುದು. ಕಾದವನಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ, ಹಿಂದಿನಿಂದ ಬಂದವರಿಗೆ ಸಿಗುವುದೇ ಇಲ್ಲ, ಅಲ್ವಾ? ಈ ಮಾತನ್ನು ನಾನು ಅವತ್ತೇ ಗಟ್ಟಿಯಾಗಿ ಹೇಳಬೇಕಿತ್ತು.

ಮೇಲೆ ಒಂದು ಚಹಾದ ಮನೆ ಇದೆ, ಮೊದಲು ಕಟ್ಟಿದ್ದು 1901ರಲ್ಲಿ. ರಸ್ತೆ ಇಲ್ಲ. ಭಾರದ ಸಾಮಾನು ಸೀಸನ್ನಿನ ಶುರುವಿನಲ್ಲಿ ಹೆಲಿಕಾಪ್ಟರಿನಲ್ಲಿ ಬರುತ್ತದೆ, ತಾಜಾ ಸಾಮಾನನ್ನು ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಬೆನ್ನ ಮೇಲೆ ಹೊತ್ತು ತರುತ್ತಾರೆ. ಹೊಗೆಯಾಡುವ ಚಹಾ ಹಿಡಿದು ಕೂತಾಗ ಪುಟ್ಟಿ ಒಂದು ಗಮನಿಸಿದಳು. ಈ ಸರೋವರದ ನೀರು ತಿಳಿಯಾಗಿದೆ, ತಳದ ಕಲ್ಲು ಕಾಣುತ್ತಿದೆ. ಕೆಳಗಿನದು ಹಾಲಿನ ಹಾಗಿದೆ. "ಇದಕ್ಕೆ ಹಿಟ್ಟು ಹಾಕೋ ಗ್ಲೇಸಿಯರ್ ಇಲ್ಲ ಅದಕ್ಕೆ" ಅಂದಳು. ಅಷ್ಟು ಅರ್ಥವಾಗಿದ್ದು ನೋಡಿ ನನಗೆ ತುಂಬಾ ಖುಷಿಯಾಯಿತು.

ಮೂರನೇ ದಿನ

ಇವತ್ತು ಬೋ ನದಿಯ ಹುಟ್ಟು. ಲೇಕ್ ಲೂಯಿಸ್‌ನಿಂದ ಉತ್ತರಕ್ಕೆ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಅನ್ನುವ ರಸ್ತೆ ಶುರುವಾಗುತ್ತದೆ, ಜಾಸ್ಪರ್ ಊರಿನ ತನಕ ಸುಮಾರು 230 ಕಿಲೋಮೀಟರ್. ಈ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಬಹುಪಾಲು ಇಲ್ಲ. ಪೆಟ್ರೋಲ್ ಸಿಗುವುದು ನಡುವೆ ಒಂದೇ ಕಡೆ. ಮ್ಯಾಪ್ ಮೊದಲೇ ಇಳಿಸಿಕೊಂಡು ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.

ಬೋ ಸರೋವರದ ದಡದಲ್ಲಿ ಕೆಂಪು ಮಾಡಿನ ಹಳೆಯ ಲಾಡ್ಜ್ ಇದೆ. ಅದರ ಪಕ್ಕದಿಂದ ಬೋ ಗ್ಲೇಸಿಯರ್ ಜಲಪಾತಕ್ಕೆ ಕಾಲುದಾರಿ, ಹೋಗಿ ಬರಲು ಸುಮಾರು 9 ಕಿಲೋಮೀಟರ್. ಮೊದಲ ಅರ್ಧ ಸರೋವರದ ಅಂಚಿನಲ್ಲೇ, ಸಪಾಟಾಗಿ. ಆಮೇಲೆ ಬೆಣಚುಕಲ್ಲು ಹರಡಿದ ಬಯಲು, ಅದರಲ್ಲಿ ನದಿ ಹತ್ತು ಕಾಲುವೆಗಳಾಗಿ ಹರಿಯುತ್ತದೆ. ಮಾವ ಇಲ್ಲಿ ಯಾರಿಗೂ ಕಾಯದೆ ಮುಂದೆ ನಡೆದರು. ಯಾವ ಕಾಲುವೆ ಹೊಸದು, ಯಾವುದು ಕಳೆದ ವರ್ಷದ್ದು ಅಂತ ಕಲ್ಲಿನ ಮೇಲಿನ ಪಾಚಿ ನೋಡಿ ಮೊಮ್ಮಗನಿಗೆ ತೋರಿಸುತ್ತಾ ಹೋದರು. ಮಗ ಅವತ್ತು ಒಂದು ಸಲವೂ ಓಡಲಿಲ್ಲ.

ಕೊನೆಯಲ್ಲಿ ಒಂದು ಕಡಿದಾದ ಮೆಟ್ಟಿಲಿನಂಥ ಏರು, ಪಕ್ಕದಲ್ಲೇ ಆಳದ ಕಂದಕ. ಪುಟ್ಟಿಯ ಕೈ ಬಿಡಲಿಲ್ಲ. ಮೇಲೆ ಬಂದಾಗ ಎದುರಿಗೆ ಕರೀ ಬಂಡೆಯ ಗೋಡೆ, ಅದರ ಮೇಲಿಂದ ನೂರು ಮೀಟರಿಗೂ ಎತ್ತರದಿಂದ ಬೀಳುವ ನೀರು.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಹಿಮ ಎಲ್ಲಮ್ಮ?"

ಹಿಮ ಕಾಣುತ್ತಿರಲಿಲ್ಲ. ನೂರು ವರ್ಷದ ಹಿಂದೆ ಬಂದಿದ್ದರೆ ಇದೇ ಗೋಡೆಯ ಮೇಲಿಂದ ಗ್ಲೇಸಿಯರ್ ಕೆಳಗೆ ಇಳಿದಿರುವುದು ಕಾಣುತ್ತಿತ್ತು, ಹಳೆಯ ಫೋಟೋಗಳಲ್ಲಿ ಹಾಗಿದೆ. ಈಗ ಅದು ಗೋಡೆಯ ಆಚೆ ಹಿಂದೆ ಸರಿದಿದೆ, ಅದು ಬಿಟ್ಟುಹೋದ ಜಾಗದಲ್ಲಿ ಒಂದು ಸರೋವರ ಆಗಿದೆ, ಜಲಪಾತಕ್ಕೆ ನೀರು ಬರುವುದು ಆ ಸರೋವರದಿಂದ. ಇದನ್ನು ವಿವರಿಸುವಾಗ ನನಗೇ ಬೇಜಾರಾಯಿತು. ಅಷ್ಟು ದೂರ ನಡೆಸಿಕೊಂಡು ಬಂದು ತೋರಿಸಲು ಆಗಲಿಲ್ಲವಲ್ಲ ಅಂತ. ಬೋ ನದಿಯ ಹೆಚ್ಚಿನ ನೀರು ಚಳಿಗಾಲದಲ್ಲಿ ಬಿದ್ದ ಹಿಮದ್ದು, ಗ್ಲೇಸಿಯರಿನ ಪಾಲು ಅದರ ಮುಂದೆ ಚಿಕ್ಕದು. ಆದರೆ ಆ ಹಿಮವೆಲ್ಲ ಕರಗಿ ಹೋದ ಮೇಲೆ, ಮಳೆ ಇಲ್ಲದ ಆಗಸ್ಟ್‌ನಲ್ಲಿ, ಹೊಳೆಗೆ ಆಸರೆ ಆಗುವುದು ಈ ಚಿಕ್ಕ ಪಾಲು. ಮಾವ ಕೇಳಿದ್ದು ಇದನ್ನೇ ಅಲ್ವಾ?

ಜಲಪಾತದ ತುಂತುರಿನಲ್ಲಿ ನೆನೆದು, ಅವಲಕ್ಕಿ ತಿಂದು, ವಾಪಸ್ ಬಂದೆವು.

ನಾಲ್ಕನೇ ದಿನ

ಬೆಳಿಗ್ಗೆ ಐದಕ್ಕೆ ಟೆಂಟ್ ಕಿತ್ತು ಹೊರಟೆವು. ಮುಂದಿನ ಎರಡು ರಾತ್ರಿ ವಿಲ್ಕಾಕ್ಸ್ ಕ್ಯಾಂಪ್‌ಗ್ರೌಂಡ್. ಅಲ್ಲಿ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ಎಂಟು ಗಂಟೆ ಹೊತ್ತಿಗೆ ಒಂದು ಕುಟುಂಬ ಜಾಗ ಖಾಲಿ ಮಾಡುತ್ತಿತ್ತು, ಅವರ ಮೇಜಿನ ಪಕ್ಕದಲ್ಲೇ ನಿಂತು ಕಾದು ಹಿಡಿದೆವು. ಸ್ನಾನಕ್ಕೆ ವ್ಯವಸ್ಥೆ ಇಲ್ಲ, ಕರೆಂಟಿಲ್ಲ. ಟೆಂಟಿನ ಬಾಗಿಲು ತೆಗೆದರೆ ಮಾತ್ರ ಎದುರಿಗೆ ಹಿಮದ ಶಿಖರಗಳು.

ಮಧ್ಯಾಹ್ನ ಅಥಬಾಸ್ಕ ಗ್ಲೇಸಿಯರಿಗೆ ಹೋದೆವು. ಇದು ರಾಕಿ ಬೆಟ್ಟಗಳ ಅತಿ ದೊಡ್ಡ ಹಿಮದ ಹಾಸು ಕೊಲಂಬಿಯಾ ಐಸ್‌ಫೀಲ್ಡಿನ ಒಂದು ನಾಲಿಗೆ, ಸುಮಾರು 6 ಕಿಲೋಮೀಟರ್ ಉದ್ದ. ಮಾವನಿಗೆ ಕಡೆಗೂ ಹಿಮ ಕಂಡಿತು. ಆದರೆ ಅದರ ತುದಿಗೆ ನಡೆಯುವ ದಾರಿಯಲ್ಲಿ ಅಲ್ಲಲ್ಲಿ ವರ್ಷ ಬರೆದ ಫಲಕ ನೆಟ್ಟಿದ್ದಾರೆ, ಆ ವರ್ಷ ಗ್ಲೇಸಿಯರ್ ಇಲ್ಲಿತ್ತು ಅಂತ. ನೂರಿಪ್ಪತ್ತೈದು ವರ್ಷದಲ್ಲಿ ಅದು ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಹಿಂದೆ ಹೋಗಿದೆ. 1992ರ ಫಲಕದ ಹತ್ತಿರ ನಾನು ನಿಂತೆ. ಆ ವರ್ಷ ನನಗೆ 9 ವರ್ಷ. ಪಕ್ಕದಲ್ಲಿ 9 ವರ್ಷದ ಪುಟ್ಟಿಯನ್ನು ನಿಲ್ಲಿಸಿಕೊಂಡು ಮುಂದೆ ನೋಡಿದರೆ ಬರೀ ಕಲ್ಲು, ಬೂದು ಕೆಸರು, ಆಚೆ ಎಲ್ಲೋ ಹಿಮ. ನನ್ನ ಬಾಲ್ಯದಿಂದ ಅವಳ ಬಾಲ್ಯದ ತನಕ ಎಷ್ಟು ದೂರ ಅಂತ ಕಾಲಿನಲ್ಲಿ ನಡೆದು ಅಳೆದ ಹಾಗಾಯಿತು. ಫೋಟೋ ತೆಗೆಯೋಣ ಅಂದರು ನಮ್ಮವರು. ನನಗೆ ಬೇಡ ಅನ್ನಿಸಿತು.

ಹಗ್ಗ ಕಟ್ಟಿದ ಕಡೆ ನಿಲ್ಲಬೇಕು. ಮೇಲೆ ಸಪಾಟು ಕಾಣುವ ಹಿಮದ ಕೆಳಗೆ ಆಳದ ಬಿರುಕುಗಳಿರುತ್ತವೆ, ಅದರಲ್ಲಿ ಬಿದ್ದು ಜನ ಸತ್ತಿದ್ದಾರೆ. ಆದರೂ ಇಬ್ಬರು ಹಗ್ಗ ದಾಟಿ ಹೋಗುತ್ತಿದ್ದರು, ಒಬ್ಬರ ಹೆಗಲ ಮೇಲೆ ಮಗು. ದಯವಿಟ್ಟು ಹಾಗೆ ಮಾಡಬೇಡಿ.

ರಾತ್ರಿ ಅನ್ನ ಬೇಯಲಿಲ್ಲ. ಕ್ಯಾಂಪ್ ಇರುವುದು 2,000 ಮೀಟರ್ ಎತ್ತರದ ಆಸುಪಾಸಿನಲ್ಲಿ, ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ಎಷ್ಟು ಕುದಿಸಿದರೂ ಅಕ್ಕಿಯ ನಡುವೆ ಗಟ್ಟಿ. ಮಾವ ಏನೂ ಹೇಳದೆ ಕಾರಿನಿಂದ ಕುಕ್ಕರ್ ತಂದುಕೊಟ್ಟರು. ಮೂರು ವಿಷಲ್, ಬಿಸಿ ಅನ್ನ, ಸಾರಿನ ಪುಡಿ ಹಾಕಿ ಕುದಿಸಿದ ಸಾರು. ಚಳಿಯಲ್ಲಿ ಅದಕ್ಕಿಂತ ರುಚಿಯಾದದ್ದು ನಾನು ಉಂಡಿಲ್ಲ.

ಊಟ ಆದ ಮೇಲೆ ಟಾರ್ಚ್ ಎಲ್ಲ ಆರಿಸಿ ಆಕಾಶ ನೋಡಿದೆವು. ಅದು ಪರ್ಸೀಡ್ ಉಲ್ಕೆಗಳ ಕಾಲ, ಚಂದ್ರನ ಬೆಳಕೂ ಇರಲಿಲ್ಲ. ಮಕ್ಕಳು 23 ಎಣಿಸಿ ನಿದ್ದೆ ಹೋದರು. ಮಾವನಿಗೆ ಚಳಿ ತಡೆಯಲಿಲ್ಲ, ಮಧ್ಯರಾತ್ರಿ ಕಾರಿನ ಸೀಟು ಮಡಚಿ ಅಲ್ಲೇ ಮಲಗಿಸಿದೆವು. ವಯಸ್ಸಾದವರನ್ನು ಕರೆದುಕೊಂಡು ಬರುವವರು ನೆಲದ ಚಳಿಗೆ ದಪ್ಪ ಮ್ಯಾಟ್ ತನ್ನಿ. ಸ್ಲೀಪಿಂಗ್ ಬ್ಯಾಗ್ ಒಂದೇ ಸಾಲದು.

ಐದನೇ ದಿನ

ವಿಲ್ಕಾಕ್ಸ್ ಪಾಸ್, ಅಂದರೆ ಎರಡು ಬೆಟ್ಟಗಳ ನಡುವಿನ ಕಣಿವೆ, ಅಲ್ಲಿಗೆ ಹೋಗುವ ದಾರಿ ಶುರುವಾಗುವುದು ಕ್ಯಾಂಪಿನ ಬಾಗಿಲಲ್ಲೇ. ಪಾಸ್ ತನಕ 4 ಕಿಲೋಮೀಟರ್, ಎತ್ತರ 2,370 ಮೀಟರ್. ಮೊದಲು ಕಾಡಿನೊಳಗೆ ಒಂದೇ ಏರು. ಆಮೇಲೆ ಮರಗಳು ಕುಳ್ಳಾಗುತ್ತಾ ಹೋಗುತ್ತವೆ, ಗಾಳಿಗೆ ಒಂದೇ ಕಡೆ ಬಾಗಿ, ಕೊನೆಗೆ ಮೊಣಕಾಲೆತ್ತರ, ಆಮೇಲೆ ಮರವೇ ಇಲ್ಲ. ಬರೀ ಹುಲ್ಲು, ಸಣ್ಣ ಸಣ್ಣ ಹೂವು. ಇಲ್ಲಿ ಬೇಸಿಗೆ ಕೆಲವೇ ವಾರ. ತುಳಿದ ಗಿಡ ಮತ್ತೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು, ಹಾಗಾಗಿ ಕೆಸರಿದ್ದರೂ ದಾರಿಯ ಮೇಲೇ ನಡೆಯಬೇಕು. ಎಲ್ಲಿಂದಲೋ ಉದ್ದನೆಯ ಸಿಳ್ಳೆ ಕೇಳಿತು. ಬಂಡೆಯ ಮೇಲೆ ಒಂದು ಮಾರ್ಮಟ್, ಬೂದು ಬಣ್ಣದ ದೊಡ್ಡ ಅಳಿಲಿನ ಹಾಗೆ. "ಕುಕ್ಕರ್ ಕೂಗಿದ ಹಾಗೇ ಇದೆ" ಅಂದರು ಮಾವ.

ಅರ್ಧ ದಾರಿ ದಾಟಿದ ಮೇಲೆ ಎರಡು ಕೆಂಪು ಕುರ್ಚಿ ಇಟ್ಟಿದ್ದಾರೆ. ಎದುರಿಗೆ ಇಡೀ ಅಥಬಾಸ್ಕ ಗ್ಲೇಸಿಯರ್, ಮೇಲಿನ ಹಾಸಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದಿರುವುದು. ಪಕ್ಕದಲ್ಲಿ ಸ್ನೋ ಡೋಮ್ ಶಿಖರ. ಅದರ ಮೇಲೆ ಬಿದ್ದ ಹಿಮ ಕರಗಿ ಮೂರು ಕಡೆ ಹೋಗುತ್ತದೆ. ಒಂದು ಕಡೆಯದು ಪೆಸಿಫಿಕ್ ಸಾಗರಕ್ಕೆ, ಅಥಬಾಸ್ಕ ಗ್ಲೇಸಿಯರ್ ಕಡೆಯದು ಆರ್ಕ್ಟಿಕ್‌ಗೆ, ಇನ್ನೊಂದು ಹಡ್ಸನ್ ಕೊಲ್ಲಿಗೆ. ಮಾವ ಆ ಕುರ್ಚಿಯಲ್ಲಿ ಕೂತು, "ಇಷ್ಟು ಸಾಕಮ್ಮ ನನಗೆ" ಅಂದರು. ಮಂಡಿ ಊದಿತ್ತು.

ಇಲ್ಲಿ ನಾವು ತಪ್ಪು ಮಾಡಿದೆವು. ಪಾಸ್ ತನಕ ಹೋಗಿ ಒಂದು ಗಂಟೆಯಲ್ಲಿ ಬರುತ್ತೇವೆ ಅಂದರು ನಮ್ಮವರು, ಮಗನೂ ಕುಣಿಯುತ್ತಿದ್ದ. ನಾನೂ ಆಗಲಿ ಅಂದೆ. ನಾನು, ಮಾವ, ಪುಟ್ಟಿ ಕುರ್ಚಿ ಹತ್ತಿರ ಉಳಿದೆವು. ಮುಕ್ಕಾಲು ಗಂಟೆ ಚೆನ್ನಾಗಿತ್ತು. ಆಮೇಲೆ ಹಿಮದ ಮೇಲಿನ ಆಕಾಶ ಕಪ್ಪಾಯಿತು, ಗಾಳಿ ತಿರುಗಿತು, ಆಲಿಕಲ್ಲು ಶುರುವಾಯಿತು. ಗುಡುಗು. ಮರವಿಲ್ಲದ ಬಯಲಲ್ಲಿ ಎತ್ತರಕ್ಕೆ ಇರುವುದು ನಾವೇ. ಇಬ್ಬರನ್ನೂ ಕರೆದುಕೊಂಡು ಕೆಳಗೆ ಕಾಡಿನ ಕಡೆ ಇಳಿಯತೊಡಗಿದೆ. ಮಾವನ ಒಂದು ಕೈ ನನ್ನ ಹೆಗಲ ಮೇಲೆ, ಪುಟ್ಟಿಯ ಕೈ ನನ್ನ ಕೈಯಲ್ಲಿ. ಆಗ ನೆನಪಾಯಿತು, ಬೇರ್ ಸ್ಪ್ರೇ, ಕರಡಿ ಮೈಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ, ಇರುವುದು ನಮ್ಮವರ ಸೊಂಟದಲ್ಲಿ. ಮಳೆ ಜಾಕೆಟ್‌ಗಳ ಚೀಲ ಮಗನ ಬೆನ್ನ ಮೇಲೆ. ಫೋನಿಗೆ ಸಿಗ್ನಲ್ ಇಲ್ಲ. ಅವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ, ನಾವು ಇಳಿದಿದ್ದು ಅವರಿಗೆ ಗೊತ್ತಿಲ್ಲ.

ಕಾಡಿನಲ್ಲಿ ಪುಟ್ಟಿ ಜೋರಾಗಿ ಹಾಡುತ್ತಾ ನಡೆದಳು, ಕರಡಿಗೆ ನಾವು ಬರುವುದು ಗೊತ್ತಾಗಲಿ ಅಂತ. ಅವಳ ಧ್ವನಿ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಮಾವ ಅವಳ ಜೊತೆ ದನಿ ಸೇರಿಸಿದರು.

ಅವರಿಬ್ಬರೂ ಕ್ಯಾಂಪಿಗೆ ಬಂದಿದ್ದು ನಾವು ಬಂದು 50 ನಿಮಿಷ ಆದ ಮೇಲೆ. ಕುರ್ಚಿ ಹತ್ತಿರ ನಮ್ಮನ್ನು ಕಾಣದೆ ಹುಡುಕಿ, ಕೂಗಿ, ಮತ್ತೆ ಮೇಲೆ ಹೋಗಿ ನೋಡಿ ಬಂದಿದ್ದರು. ನಮ್ಮವರ ಮುಖ ಬಿಳಿಚಿಕೊಂಡಿತ್ತು. ನಾನು ಜಗಳ ಆಡಬೇಕು ಅಂತ ಕಾದಿದ್ದೆ, ನೋಡಿದ ತಕ್ಷಣ ಅಳು ಬಂತು. ಆ ರಾತ್ರಿ ಕೂತು ಮನೆಯವರೆಲ್ಲ ಒಪ್ಪಿಕೊಂಡ ನಿಯಮ: ಬೆಟ್ಟದಲ್ಲಿ ಬೇರೆಬೇರೆ ಆಗುವುದಿಲ್ಲ. ಆಗಲೇಬೇಕಾದರೆ ಎರಡು ಗುಂಪಿಗೂ ಸ್ಪ್ರೇ, ಜಾಕೆಟ್, ನೀರು ಇರಬೇಕು, ಹವಾ ಕೆಟ್ಟರೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಗಿರಬೇಕು. ಮಗ ಅಂದ, "ಮುಂದಿನ ಸಲ ತಾತ ಮುಂದೆ ನಡೀಲಿ, ನಾನು ಹಿಂದೆ ಬರ್ತೀನಿ." ಆ ಮಾತು ಅವನಿಂದ ಬಂದಿದ್ದು ನನಗೆ ದೊಡ್ಡದು.

ಆರನೇ ದಿನ

ವಾಪಸ್. ದಾರಿಯಲ್ಲಿ ಪೀಟೋ ಸರೋವರಕ್ಕೆ ಮಾತ್ರ ನಿಂತೆವು. ಬೋ ಸರೋವರದಿಂದ ಸ್ವಲ್ಪವೇ ದೂರ, ನಡುವೆ ಒಂದು ದಿಬ್ಬ. ದಿಬ್ಬದ ದಕ್ಷಿಣಕ್ಕೆ ಬಿದ್ದ ಹನಿ ಬೋ ನದಿಗೆ, ನಮ್ಮ ಊರಿಗೆ. ಉತ್ತರಕ್ಕೆ ಬಿದ್ದದ್ದು ನಾರ್ತ್ ಸಸ್ಕ್ಯಾಚೆವಾನ್ ನದಿಗೆ, ಎಡ್ಮಂಟನ್ ಕಡೆಗೆ. ಮಾವ ಮಂಡಿಗೆ ಪಟ್ಟಿ ಕಟ್ಟಿಕೊಂಡೇ ನೋಡುವ ಜಾಗದ ತನಕ ಹತ್ತಿದರು. ಮಗ ಹಿಂದೆ ನಡೆದ.

ಸಂಜೆ ಮನೆ ಸೇರಿ, ಒದ್ದೆ ಟೆಂಟುಗಳನ್ನು ಹಿತ್ತಲಲ್ಲಿ ಹರವಿ, ಶೂಗಳನ್ನು ತೊಳೆಯಲು ಕೂತೆವು. ಅಥಬಾಸ್ಕದ ಬೂದು ಕೆಸರು ಇನ್ನೂ ಅಂಟಿತ್ತು. ಪುಟ್ಟಿ ಅದನ್ನು ಬೆರಳಲ್ಲಿ ಉಜ್ಜಿ ತಾತನಿಗೆ ತೋರಿಸಿದಳು. ಮರಳಿನ ಹಾಗೆ ಚುಚ್ಚುವುದಿಲ್ಲ, ನಿಜವಾಗಿ ಹಿಟ್ಟೇ. ನಲ್ಲಿ ತಿರುಗಿಸಿದಾಗ ನೀರು ಹಾಲಿನ ಹಾಗಾಗಿ ಮೋರಿಗೆ ಹೋಯಿತು.

"ಈ ಹಿಟ್ಟು ಆರ್ಕ್ಟಿಕ್ ಸಾಗರಕ್ಕೆ ಹೋಗಬೇಕಿತ್ತು" ಅಂದಳು. "ಈಗ ನಮ್ಮ ಹೊಳೆಗೆ ಸೇರಿ ಹಡ್ಸನ್ ಕೊಲ್ಲಿಗೆ ಹೋಗುತ್ತೆ."

ಮಾವ ಸ್ವಲ್ಪ ಯೋಚಿಸಿದರು. ಆಮೇಲೆ ತಮ್ಮ ಶೂಗಳನ್ನೂ ತಂದು ನಲ್ಲಿಯ ಕೆಳಗೆ ಹಿಡಿದರು.